ಮೂಲೆ ಉಜ್ಜಿದ ಗಾಜು

ಫೆಬ್ರವರಿ ೩

ಗುಬ್ಬಿ,

ಬಹುಭುಜಾಕೃತಿಯನ್ನು ಕಂಡುಹಿಡಿದವನು ನಾನೇ. ನನಗಿಂತ ಮುಂಚೆ ಲೋಕದಲ್ಲಿ ದುಂಡಗಿನವು ಮತ್ತು ಸೊಟ್ಟಗಿನವು ಮಾತ್ರ ಇದ್ದವು. ಅವಕ್ಕೆ ಮೂಲೆ ಇಟ್ಟವನು ನಿನ್ನ ಮಾವ. ಇದನ್ನು ನೀನು ಪಾಠ ಮಾಡುವ ಎಂಟನೇ ತರಗತಿಯಲ್ಲಿ ಧೈರ್ಯವಾಗಿ ಹೇಳು. ಹೆಡ್‌ಮಿಸ್ಸು ಹುಬ್ಬು ಏರಿಸಿದರೆ ನನ್ನ ವಿಳಾಸ ಕೊಡು, ನಾನು ನೋಡಿಕೊಳ್ಳುತ್ತೇನೆ. ನನ್ನ ಓದಿನ ಬಗ್ಗೆ ಯಾರಾದರೂ ಕೇಳಿದರೆ, ಹಳ್ಳಿ ಶಾಲೆಯ ಮೇಷ್ಟ್ರು ನನ್ನನ್ನು ಐದನೇ ಕ್ಲಾಸಿನಲ್ಲಿ ಎರಡು ವರ್ಷ ಇಟ್ಟುಕೊಂಡರು ಅನ್ನು. ಬಿಟ್ಟುಕೊಡಲು ಅವರಿಗೆ ಮನಸ್ಸು ಬರಲಿಲ್ಲ.

ಸರ್ವಸಮ ಎಂದರೇನು, ಸಮರೂಪ ಎಂದರೇನು, ಮಕ್ಕಳ ತಲೆಗೆ ಹೋಗುತ್ತಿಲ್ಲ, ನಿಮ್ಮ ಕೆಲಸದಿಂದ ಏನಾದರೂ ಉದಾಹರಣೆ ಕೊಡಿ ಎಂದು ಬರೆದಿದ್ದೀಯ. ಸರಿಯಾದವನನ್ನೇ ಹಿಡಿದೆ. ಈಗ ನಾನು ಇಲ್ಲಿ ಹೊಸ ಬಸ್ ನಿಲ್ದಾಣದ ಕಾಯುವ ಹಾಲಿಗೆ ಗಾಜಿನ ಚಾವಣಿ ಹಾಕುತ್ತಿದ್ದೇನೆ. ಜೇನುಹುಟ್ಟು ನೋಡಿದ್ದೀಯಲ್ಲ, ಹಾಗೆ ಮೇಲೆಲ್ಲ ಕಬ್ಬಿಣದ ಆರು ಮೂಲೆಯ ಚೌಕಟ್ಟುಗಳು. ಒಂದೊಂದು ಬದಿ ಎರಡಡಿ. ಮೂಲೆಮೂಲೆಗೆ ಬೋಲ್ಟು. ಕಾರ್ಖಾನೆಯಿಂದ ಅದೇ ಆಕಾರದ ಗಾಜು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬರುತ್ತದೆ. ನಾನು ಮೇಲೆ ಹತ್ತಿ, ಅಂಚಿಗೆ ರಬ್ಬರ್ ಪಟ್ಟಿ ಕಟ್ಟಿ, ತೊಟ್ಟಿಲಲ್ಲಿ ಮಗುವನ್ನು ಮಲಗಿಸಿದಂತೆ ಗಾಜನ್ನು ಮಲಗಿಸುತ್ತೇನೆ.

ಈಗ ಪಾಠ ಕೇಳು. ಒಂದರ ಮೇಲೊಂದು ಇಟ್ಟರೆ ಕೂದಲಷ್ಟೂ ಹೆಚ್ಚುಕಡಿಮೆ ಕಾಣದಿದ್ದರೆ ಅವು ಸರ್ವಸಮ. ಆದರೆ ಚೌಕಟ್ಟನ್ನು ಎತ್ತಿ ಚೌಕಟ್ಟಿನ ಮೇಲೆ ಇಡಲು ಆಗುತ್ತದೆಯೇ? ಅದಕ್ಕೆ ನನ್ನ ಹತ್ತಿರ ಎರಡಡಿಯ ಕೋಲಿದೆ. ಆರೂ ಬದಿಗೆ ಹಿಡಿದು ನೋಡುತ್ತೇನೆ. ಆರೂ ಎರಡಡಿ ಬಂದರೆ ಚೌಕಟ್ಟು ಸರ್ವಸಮ. ಮುಗಿಯಿತು. ಸಮರೂಪಕ್ಕೆ ಉದಾಹರಣೆ ಈ ಪೊಟ್ಟಣದಲ್ಲಿದೆ, ಬಟ್ಟೆ ಬಿಚ್ಚುವಾಗ ಹುಷಾರು. ಅದೇ ಆರು ಮೂಲೆ, ಬದಿ ಮಾತ್ರ ಎರಡು ಇಂಚು. ದೊಡ್ಡದಕ್ಕಿಂತ ಹನ್ನೆರಡು ಪಟ್ಟು ಚಿಕ್ಕದು, ಮುಖ ಮಾತ್ರ ಅದರದ್ದೇ. ನೀನು ನಿನ್ನಮ್ಮನ ಪಡಿಯಚ್ಚು, ಮೂರು ಗೇಣು ಕಮ್ಮಿ, ಹಾಗೆ. ಎರಡು ಮಾಡಿದ್ದೆ. ಇನ್ನೊಂದು ನನ್ನ ಟೀ ಲೋಟಕ್ಕೆ ಮುಚ್ಚಳವಾಗಿದೆ.

ಒಂದು ತಮಾಷೆ. ನಾಲ್ಕು ಗಾಜು ಹಟ ಹಿಡಿದವು. ಬಾಗಿಲ ಕಡೆಯ ಮೂಲೆ ಒಳಗೆ ಕೂರಲೇ ಇಲ್ಲ. ಕಾರ್ಖಾನೆಯವನು ತೂಕಡಿಸುತ್ತ ಕತ್ತರಿಸಿರಬೇಕು. ಉಜ್ಜುಗಲ್ಲು ತೆಗೆದು ಮೂಲೆಯನ್ನು ಸವರಿದೆ, ತೆಪ್ಪಗೆ ಕೂತವು. ಇದು ನಮ್ಮಿಬ್ಬರಲ್ಲೇ ಇರಲಿ. ಮೂಲೆ ಉಜ್ಜಿದ ಗಾಜನ್ನು ಮೇಲೆ ಹಾಕಬಾರದಂತೆ. ವಾಪಸ್ಸು ಮಾಡಿದರೆ ನನ್ನ ಲೆಕ್ಕಕ್ಕೆ ಬರೆಯುತ್ತಾರಂತೆ. ಎಂಥ ನ್ಯಾಯ!

ಇತಿ ನಿನ್ನ ಮಾವ,
ಗಾಜಿನ ಚಕ್ರವರ್ತಿ


ಫೆಬ್ರವರಿ ೮

ಮಾವ,

ಚಕ್ರವರ್ತಿಗಳ ಉಡುಗೊರೆ ಒಂದು ಚೂರೂ ಮುಕ್ಕಾಗದೆ ಬಂತು. ತರಗತಿಯಲ್ಲಿ ಕೈಯಿಂದ ಕೈಗೆ ಓಡಾಡಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನು ಕಣ್ಣಿಗೆ ಹಿಡಿದು "ಮಿಸ್, ನೀವು ಆರು ಜನ ಕಾಣ್ತೀರಿ" ಎಂದಳು. ಒಬ್ಬಳನ್ನೇ ಸಹಿಸುವುದು ಕಷ್ಟ ಅಂತ ಯಾರೋ ಗೊಣಗಿದ್ದೂ ಕೇಳಿಸಿತು.

ನಿಮ್ಮ ಪಾಠದಲ್ಲಿ ಅರ್ಧವನ್ನು ಮಾತ್ರ ಹೇಳಿಕೊಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ಬದಿಗಳೆಲ್ಲ ಸಮ ಇದ್ದರೆ ತ್ರಿಭುಜಕ್ಕೆ ಸಾಕು. ನಾಲ್ಕು, ಐದು, ಆರು ಬದಿಯದಕ್ಕೆ ಸಾಲದು. ಕೋನಗಳೂ ಸಮ ಇರಬೇಕು. ಸಮರೂಪಕ್ಕೂ ಅಷ್ಟೆ. ಬದಿಗಳೆಲ್ಲ ಒಂದೇ ಪಟ್ಟಿನಲ್ಲಿ ಹಿಗ್ಗಿರಬೇಕು ಅಥವಾ ಕುಗ್ಗಿರಬೇಕು, ಕೋನ ಮಾತ್ರ ಒಂದಿಷ್ಟೂ ಬದಲಾಗಬಾರದು. ನೀವು ಕೋಲಿನಲ್ಲಿ ಬದಿ ಅಳೆಯುತ್ತೀರಿ, ಸರಿ. ಮೂಲೆ ಅಳೆಯುವುದು ಹೇಗೆ? ತಿಳಿಸಿದರೆ ಮಕ್ಕಳಿಗೆ ಹೇಳುತ್ತೇನೆ.

ಆ ಹಟಮಾರಿ ಗಾಜುಗಳು ನಾಲ್ಕೇನಾ? ನಾಲ್ಕೂ ಬಾಗಿಲ ಕಡೆಯ ಮೂಲೆಯಲ್ಲೇ ಹಟ ಹಿಡಿದವೇ? ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ಅಮ್ಮ ಚೆನ್ನಾಗಿದ್ದಾಳೆ. ಬೂದು ಬಣ್ಣದ ಉಲ್ಲನ್ ಹಿಡಿದುಕೊಂಡು ಕೂತಿದ್ದಾಳೆ. ಯಾರಿಗೆ ಎಂದು ಕೇಳಿದರೆ ನಗುತ್ತಾಳೆ. ನನಗೆ ಏನೂ ಗೊತ್ತಿಲ್ಲ, ನನ್ನನ್ನು ಕೇಳಬೇಡಿ.

ಗುಬ್ಬಿ


ಫೆಬ್ರವರಿ ೧೩

ಗುಬ್ಬಿ ಮೇಡಂ ಅವರೇ,

ಸಾಲದು! ನನ್ನ ಕೋಲಿಗೆ "ಸಾಲದು" ಅಂದವರು ಇದುವರೆಗೆ ಯಾರೂ ಇರಲಿಲ್ಲ. ನಿನ್ನನ್ನು ಹೆಗಲ ಮೇಲೆ ಕೂರಿಸಿ ಊರು ತೋರಿಸಿದ್ದಕ್ಕೆ ಈಗ ಮೇಲಿನಿಂದಲೇ ಮಾತಾಡುತ್ತೀಯ. ಮೂಲೆ ಅಳೆಯುವುದಕ್ಕೆ ನನ್ನ ಕಣ್ಣಿದೆ. ಹೆಡ್‌ಮಿಸ್ಸಿಗೆ ಅನುಮಾನ ಬಂದು ನಿನ್ನ ಕೈಲಿ ಬರೆಸಿದ್ದಾರೆ ಎಂದು ಆಗಲೇ ಗೊತ್ತಾಯಿತು. ಅವರಿಗೆ ಹೇಳು, ಇಪ್ಪತ್ತೇಳನೇ ತಾರೀಕು ಈ ಹಾಲಿನ ಬಾಗಿಲು ತೆರೆಯುತ್ತಾರೆ, ಬಂದು ತಲೆ ಎತ್ತಿ ನೋಡಲಿ, ಟೋಪಿ ಇದ್ದರೆ ಹಿಡಿದುಕೊಳ್ಳಲಿ.

ಅಂದು ಪಕ್ಕದ ಶಾಲೆಯ ಮಕ್ಕಳು ಚಾವಣಿಯ ಕೆಳಗೆ ಸಾಲಾಗಿ ನಿಂತು ಹಾಡುತ್ತಾರಂತೆ. ಆದರೆ ಅವರಿಗಿಂತ ಮೊದಲು ಚಾವಣಿಯೇ ಹಾಡಲು ಶುರು ಮಾಡಿದೆ! ಸುಳ್ಳಲ್ಲ. ಮಧ್ಯಾಹ್ನ ಬಿಸಿಲು ಏರಿದಾಗ ಬಾಗಿಲ ಕಡೆಯಿಂದ ಸಣ್ಣಗೆ ಕಿರ್ರ್ ಎನ್ನುತ್ತದೆ. ಬೆಕ್ಕು ಮೈ ಮುರಿದಂತೆ. ವೆಲ್ಡಿಂಗ್ ಮಾಡುವ ಕಿಡಿ (ಅವನಿಗೆ ಎಲ್ಲರೂ ಹಾಗೇ ಅನ್ನುವುದು) ಏಣಿಯಿಂದ ಇಳಿದು ದೂರ ನಿಂತ. "ಏನಣ್ಣಾ ಅದು?" ಎಂದ. "ನನ್ನನ್ನು ಕಂಡರೆ ಗಾಜಿಗೆ ಖುಷಿ ಕಣೋ" ಎಂದೆ. ನಗಲಿಲ್ಲ ಮಾರಾಯ್ತಿ. ಅವನಿಗೆ ಹಾಸ್ಯ ಹತ್ತುವುದಿಲ್ಲ.

ಹಟಮಾರಿಗಳ ವಿಷಯ ಮರೆತುಬಿಡು. ಅವೆಲ್ಲ ಈಗ ಒಳ್ಳೆ ಮಕ್ಕಳು.

ಅಕ್ಕನಿಗೆ ಹೇಳು, ಕಣ್ಣು ಹಾಳು ಮಾಡಿಕೊಂಡು ಹೆಣೆಯಬೇಡ ಅಂತ.

ಮಾವ,
ಗಾಜಿನ ಚಕ್ರವರ್ತಿ (ಇನ್ನೂ ಪಟ್ಟದಲ್ಲೇ ಇದ್ದೇನೆ)


ಫೆಬ್ರವರಿ ೧೮

ಮಾವ,

ಈ ಕಾಗದವನ್ನು ನಿಂತುಕೊಂಡು ಓದಬೇಡಿ, ಕೂತು ಓದಿ. ಆ ಚಾವಣಿಯ ಕೆಳಗೆ ಮಾತ್ರ ಕೂರಬೇಡಿ.

ಇವತ್ತು ತರಗತಿಯಲ್ಲಿ ರಟ್ಟಿನ ಆರು ಪಟ್ಟಿ ಕತ್ತರಿಸಿ, ತುದಿತುದಿಗೆ ಗುಂಡುಪಿನ್ನು ಚುಚ್ಚಿ ಷಡ್ಭುಜ ಮಾಡಿದೆವು. ಪಟ್ಟಿಗಳೆಲ್ಲ ಒಂದೇ ಉದ್ದ. ನಿಮ್ಮ ಗಾಜನ್ನು ಮಾದರಿಯಾಗಿ ಇಟ್ಟುಕೊಂಡು, ಮಕ್ಕಳು ತಾವು ಮಾಡಿದ್ದನ್ನು ಅದರ ಪಕ್ಕ ಹಿಡಿದು ನೋಡುತ್ತಿದ್ದರು. ಆಗ ಹಿಂದಿನ ಬೆಂಚಿನ ಅದೇ ಹುಡುಗಿ ತನ್ನ ಷಡ್ಭುಜದ ಒಂದು ಕಡೆಯನ್ನು ಬೆರಳಲ್ಲಿ ಮೆಲ್ಲಗೆ ಕೆಳಗೆ ಒತ್ತಿದಳು. ಇಡೀ ಆಕೃತಿ ಓರೆಯಾಯಿತು. "ಮಿಸ್, ಬದಿ ಎಲ್ಲ ಅಷ್ಟೇ ಇದೆ, ಆದ್ರೆ ಬಿದ್ದೇ ಹೋಗ್ತಿದೆ!" ಎಂದಳು. ತರಗತಿಯೆಲ್ಲ ನಕ್ಕಿತು. ನಾನು ಅಳತೆಪಟ್ಟಿ ತಂದು ಹಿಡಿದೆ. ಬದಿಯ ಉದ್ದ ಒಂದು ನೂಲೂ ಬದಲಾಗಿರಲಿಲ್ಲ. ನಿಮ್ಮ ಕೋಲು ಹಿಡಿದರೆ ಆರಕ್ಕೆ ಆರೂ ಸರಿ ಎನ್ನುತ್ತಿತ್ತು. ಅದರೊಳಗೆ ಸರಿಯಾದ ಗಾಜನ್ನು ಇಡಹೋದರೆ ಯಾವ ಮೂಲೆ ಕೂರುವುದಿಲ್ಲ ಗೊತ್ತೇ? ಒತ್ತಿದ ಕಡೆಯದು, ಮತ್ತೆ ಅದರ ಎದುರಿನದು.

ಮಾವ, ತಪ್ಪು ಗಾಜಿನದ್ದಲ್ಲದಿದ್ದರೆ? ಚೌಕಟ್ಟೇ ವಾಲುತ್ತಿದ್ದರೆ? ಬಾಗಿಲ ಕಡೆ ಏನೋ ಕುಸಿಯುತ್ತಿದ್ದು, ಅದು ಚೌಕಟ್ಟನ್ನು ಎಳೆಯುತ್ತಿದ್ದರೆ? ಆಮೇಲೆ ಆ ಕಿರ್ರ್ ಎನ್ನುವ ಸದ್ದು. ಅದನ್ನು ಓದಿದಾಗ ನಿಮ್ಮ ಎಂದಿನ ಬಡಾಯಿ ಎಂದುಕೊಂಡು ನಕ್ಕಿದ್ದೆ. ಈಗ ಅದೇ ಸಾಲನ್ನು ಓದಲು ಭಯವಾಗುತ್ತದೆ.

ದಯವಿಟ್ಟು ಎರಡು ಕೆಲಸ ಮಾಡಿ. ಟೀ ಲೋಟದ ಮೇಲಿನ ಆ ಚಿಕ್ಕ ಗಾಜನ್ನು ತೆಗೆದುಕೊಂಡು ಹೋಗಿ. ಅದು ಸಮರೂಪ, ಅದರ ಮೂಲೆಯೂ ದೊಡ್ಡ ಚೌಕಟ್ಟಿನ ಮೂಲೆಯೂ ಒಂದೇ ಇರಬೇಕು, ಅಳತೆ ಎಷ್ಟೇ ಚಿಕ್ಕದಾಗಿರಲಿ. ಗಾಜು ಇನ್ನೂ ಹಾಕದ ಚೌಕಟ್ಟಿನ ಒಂದೊಂದು ಮೂಲೆಗೂ ಅದನ್ನು ಒತ್ತಿ ಇಟ್ಟು ನೋಡಿ. ಬಿಗಿಯಾಗಿ ಕೂತರೆ ನನ್ನನ್ನು ಬೈಯಿರಿ. ಎಲ್ಲಾದರೂ ಸಂದಿ ಕಂಡರೆ ಕೆಲಸ ನಿಲ್ಲಿಸಿ.

ಎರಡನೆಯದು, ಉಜ್ಜಿದ ಗಾಜು ನಿಜವಾಗಿ ಎಷ್ಟು? ಒಂದೋ ಎರಡೋ ಆಗಿದ್ದರೆ ಕತ್ತರಿಸಿದವನ ತಪ್ಪು. ಸಾಲಾಗಿ ಒಂದಾದ ಮೇಲೊಂದು ಆಗಿದ್ದರೆ ತಪ್ಪು ಗಾಜಿನದ್ದಲ್ಲ. ಮೊದಲು ನಾಲ್ಕು ಎಂದಿರಿ, ನಾಲ್ಕೇನಾ ಎಂದು ಕೇಳಿದರೆ ಸಂಖ್ಯೆ ತಪ್ಪಿಸಿ ಬರೆದಿದ್ದೀರಿ.

ಕೆಳಗೆ ನಿಲ್ಲಬೇಡ ಮಾವ.

ಗುಬ್ಬಿ


ಫೆಬ್ರವರಿ ೨೦

ಗುಬ್ಬಿ,

ನಿನ್ನ ಕಾಗದ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ, ಖುಷಿ ತಡೆಯಲಾಗುತ್ತಿಲ್ಲ. ಇನ್ನು ಕೊನೆಯ ಸಾಲೊಂದೇ ಬಾಕಿ. ಎಂಜಿನಿಯರ್ ಸಾಹೇಬರು ಬಂದು ತಲೆ ಎತ್ತಿ "ಚೆನ್ನಾಗಿದೆ" ಎಂದರು. ಅವರ ಬಾಯಲ್ಲಿ ಆ ಮಾತು ಬರುವುದು ವರ್ಷಕ್ಕೊಂದು ಸಲವಂತೆ.

ಕೆಳಗೆ ಬೆಂಚು ಹಾಕಿಸುತ್ತಿದ್ದಾರೆ. ಹಾಲಿನ ಬಾಗಿಲ ಪಕ್ಕದಲ್ಲೇ ಇರುವ ಟಿಕೆಟ್ ಕೋಣೆಯ ಬಾಗಿಲು ಹೋದ ವಾರ ಸಲೀಸಾಗಿ ಮುಚ್ಚುತ್ತಿತ್ತು, ಈಗ ಮೇಲ್ಗಡೆ ಹಿಡಿಯುತ್ತಿದೆ. ಬಡಗಿ ಬಂದು ಉಳಿ ಹಾಕಿ ಕೆತ್ತಿ ಹೋದ. ಇವತ್ತು ಮತ್ತೆ ಹಿಡಿಯುತ್ತಿದೆ. ಹೊಸ ಕಟ್ಟಡ ಮೈ ಸಡಿಲಿಸುವುದು ಸಹಜ ಬಿಡು. ಕಿಡಿ ಮಾತ್ರ ಆ ಕಡೆ ಕೆಲಸವೇ ಮಾಡಲ್ಲ ಎಂದು ಕೂತಿದ್ದಾನೆ. ಅವನ ಪಾಲಿನ ಬೋಲ್ಟನ್ನೂ ನಾನೇ ಬಿಗಿದೆ.

ಹಾಡು ಸ್ವಲ್ಪ ಜೋರಾಗಿದೆ. ಈಗೀಗ ಬೆಳಿಗ್ಗೆಯೂ ಕೇಳಿಸುತ್ತದೆ.

ಮಾವ


ಫೆಬ್ರವರಿ ೨೨

ಮಾವ,

ಉತ್ತರ ಬಂದಿಲ್ಲ. ಅಂಚೆ ಕಚೇರಿಯಿಂದ ನಿಮ್ಮ ಗುತ್ತಿಗೆದಾರರ ಆಫೀಸಿಗೆ ಫೋನು ಮಾಡಿದೆ. ಗುಮಾಸ್ತರು ಎತ್ತಿದರು. "ಅವರು ಮೇಲಿದ್ದಾರೆ, ಏನ್ ಹೇಳ್ಬೇಕು?" ಎಂದರು. ಚೌಕಟ್ಟಿನ ಮೂಲೆಗಳನ್ನು ಅಳೆಯಲು ಹೇಳಿ, ಬದಿಯನ್ನಲ್ಲ, ಮೂಲೆಗಳನ್ನು ಎಂದೆ. "ಆಯ್ತಮ್ಮ, ಅಳತೆ ವಿಷಯ ತಾನೇ, ಹೇಳ್ತೀನಿ ಬಿಡಿ" ಎಂದು ಇಟ್ಟುಬಿಟ್ಟರು. ಬರೆದುಕೊಂಡ ಸದ್ದೂ ಕೇಳಿಸಲಿಲ್ಲ.

ನಿಮಗೆ ಮುಚ್ಚಿಟ್ಟ ಒಂದು ಮಾತು ಹೇಳಬೇಕು. ಅಮ್ಮ ಆಣೆ ಹಾಕಿಸಿಕೊಂಡಿದ್ದಳು, ಅದಕ್ಕೇ ಬರೆದಿರಲಿಲ್ಲ. ಅವಳು ನಿಮ್ಮಲ್ಲಿಗೆ ಬರುತ್ತಿದ್ದಾಳೆ. ತಮ್ಮ ಕಟ್ಟಿದ ಚಾವಣಿಯ ಕೆಳಗೆ ಮೊದಲ ಬೆಂಚಿನಲ್ಲಿ ಕೂರಬೇಕಂತೆ, ನೀವು ಏಣಿಯಿಂದ ಇಳಿಯುವಾಗ ಸ್ವೆಟರ್ ಕೊಟ್ಟು ಬೆಚ್ಚಿಬೀಳಿಸಬೇಕಂತೆ. ನಿನ್ನೆಯೇ ಹೊರಟಳು. ದಾರಿಯಲ್ಲಿ ದೊಡ್ಡಮ್ಮನ ಮನೆಯಲ್ಲಿ ಉಳಿದು ಇಪ್ಪತ್ತಾರಕ್ಕೆ ಅಲ್ಲಿಗೆ ಮುಟ್ಟುತ್ತಾಳೆ. ದೊಡ್ಡಮ್ಮನ ಮನೆಯಲ್ಲಿ ಫೋನಿಲ್ಲ. ನನ್ನ ಅನುಮಾನವನ್ನು ಅವಳಿಗೆ ಹೇಳಿರಲಿಲ್ಲ, ಸುಮ್ಮನೆ ಯಾಕೆ ಹೆದರಿಸುವುದು ಎಂದುಕೊಂಡೆ. ಈಗ ನಾನು ಒಬ್ಬಳೇ ಹೆದರುತ್ತಿದ್ದೇನೆ.

ಅವಳನ್ನು ಒಳಗೆ ಬಿಡಬೇಡ. ಮಾವ, ದಮ್ಮಯ್ಯ, ಎಷ್ಟು ಗಾಜು?

ಗುಬ್ಬಿ


ಫೆಬ್ರವರಿ ೨೩

ಗುಬ್ಬಿ,

ಹದಿನೆಂಟರ ಕಾಗದ ಈಗ ಸಿಕ್ಕಿತು. ನೀನು ನನಗೆ ಮೊದಲ ಸಲ "ನಿಲ್ಲಬೇಡ" ಎಂದು ಏಕವಚನದಲ್ಲಿ ಬರೆದಿದ್ದೀಯ. ಅದನ್ನು ನೋಡಿಯೇ ಟೀ ಲೋಟ ಹುಡುಕಿದೆ.

ಲೋಟದ ಮೇಲಿನದನ್ನು ಜೇಬಿಗೆ ಹಾಕಿಕೊಂಡು ಹತ್ತಿದೆ. ಒಳಗಿನ ಕೊನೆಯ ಸಾಲಿನ ಒಂದು ಖಾಲಿ ಚೌಕಟ್ಟಿಗೆ ಇಟ್ಟೆ. ಆರೂ ಮೂಲೆಗೆ ಕೂತಿತು, ಅಂಗೈಗೆ ಅಂಗೈ ಇಟ್ಟಂತೆ. ನಿನಗೆ ಬೈಯಲು ಬಾಯಿ ತೆರೆದಿದ್ದೆ. ಆಮೇಲೆ ಬಾಗಿಲ ಕಡೆಗೆ ಹೋದೆ. ಅಲ್ಲಿ ಗಾಜು ಆಗಲೇ ಕೂತಿದೆ, ಹಾಗಾಗಿ ಕೆಳಗಿನಿಂದ ಚೌಕಟ್ಟಿನ ಕಬ್ಬಿಣಕ್ಕೆ ಒತ್ತಿ ಹಿಡಿದೆ. ಅಲ್ಲಿ ಒಂದು ಮೂಲೆಯಲ್ಲಿ ತುದಿ ಒಳಗೆ ಹೋಗಲಿಲ್ಲ. ಪಕ್ಕದ ಮೂಲೆಯಲ್ಲಿ ತುದಿ ಹೋಯಿತು, ಆದರೆ ಬದಿಗೆ ಸಂದಿ ಬಿಟ್ಟಿತು. ಆ ಸಂದಿಯಲ್ಲಿ ಒಂದು ಪೋಸ್ಟ್ ಕಾರ್ಡು ತೂರುತ್ತದೆ. ನನ್ನ ಕೋಲು ಹಿಡಿದೆ. ಎರಡಡಿ. ಎರಡಡಿ. ಎರಡಡಿ. ಆ ಕೋಲನ್ನು ಅಲ್ಲೇ ಬಿಸಾಡಬೇಕು ಅನ್ನಿಸಿತು. ಸಂಜೆ ಮತ್ತೆ ನೋಡಿದೆ. ಎರಡು ಕಾರ್ಡು ತೂರಿದವು.

ಎಂಜಿನಿಯರ್ ಸಾಹೇಬರ ಹತ್ತಿರ ಹೋದೆ. "ಸಾರ್, ಮೂಲೆ ಸರಿ ಇಲ್ಲ" ಎಂದೆ. "ಬದಿ ಎಷ್ಟಿದೆ?" ಎಂದರು. "ಎರಡಡಿ ಸಾರ್." "ನಕ್ಷೆಯಲ್ಲೂ ಎರಡಡಿ. ಉದ್ಘಾಟನೆ ತಲೆ ಮೇಲಿದೆ, ಹೋಗಿ ಕೆಲಸ ನೋಡ್ರೀ." ಮೂರು ವಾರದಿಂದ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ ಮಾತನ್ನೇ ಅವರು ನನಗೆ ವಾಪಸ್ಸು ಕೊಟ್ಟರು. ಗಾಜು ಉಜ್ಜಿದ್ದೇನೆ ಎಂದು ಹೇಳಿದ್ದರೆ ನಿಂತು ಕೇಳುತ್ತಿದ್ದರೇನೋ. ಮಾತು ನಾಲಗೆ ತುದಿಗೆ ಬಂತು, ಅಲ್ಲೇ ಕೂತಿತು.

ನೀನು ಕೇಳಿದ ಸಂಖ್ಯೆಯನ್ನು ಇವತ್ತು ಬರೆಯಲಾರೆ. ನಾಳೆ ಇನ್ನೊಂದು ಸಲ ಅವರ ಬಳಿ ಹೋಗುತ್ತೇನೆ.

ಅಕ್ಕ ದೂರದಲ್ಲಿ ನಿನ್ನ ಜೊತೆ ಇದ್ದಾಳೆ. ಅದೊಂದೇ ಸಮಾಧಾನ.

ಮಾವ


ಫೆಬ್ರವರಿ ೨೭

ಮಾವ,

ನಿಮ್ಮ ಇಪ್ಪತ್ತಮೂರರ ಕಾಗದ ಇವತ್ತು ಬಂತು. "ಅಕ್ಕ ನಿನ್ನ ಜೊತೆ ಇದ್ದಾಳೆ" ಎಂಬ ಸಾಲನ್ನು ಓದಿದೆ. ನನ್ನ ಜೊತೆ ಇಲ್ಲ ಮಾವ. ಈಗ ಹನ್ನೊಂದು ಗಂಟೆ. ಇಷ್ಟು ಹೊತ್ತಿಗೆ ಅಲ್ಲಿ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಫೋನು ಹತ್ತುತ್ತಿಲ್ಲ. ಈ ಕಾಗದ ಮುಟ್ಟುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿರುತ್ತದೆ, ಆದರೂ ಬರೆಯದೆ ಕೂರಲಾಗುತ್ತಿಲ್ಲ. ನಿಮ್ಮ ಚಿಕ್ಕ ಗಾಜು ಮೇಜಿನ ಮೇಲಿದೆ. ಅದನ್ನು ಮುಟ್ಟಲು ಹೆದರಿಕೆ.

ಗುಬ್ಬಿ


ಫೆಬ್ರವರಿ ೨೮

ಗುಬ್ಬಿ,

ಮೊದಲು ಇದು. ಅಕ್ಕ ಚೆನ್ನಾಗಿದ್ದಾಳೆ. ಯಾರಿಗೂ ಏನೂ ಆಗಿಲ್ಲ. ನಿಮ್ಮ ಶಾಲೆಗೆ ಫೋನು ಮಾಡಿಸಿದೆ, ಹತ್ತಲಿಲ್ಲ. ಇದನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಗಿಂತ ಬೇಗ ಮುಟ್ಟಲಿ.

ಎರಡನೇ ಸಲ ಹೋಗುತ್ತೇನೆ ಎಂದಿದ್ದೆನಲ್ಲ, ಹೋದೆ. ಅವರ ಕೋಣೆಯ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಮರುದಿನವೂ ಅಷ್ಟೆ. ಇಪ್ಪತ್ತಾರರ ಮಧ್ಯಾಹ್ನ ಅಂಚೆಯವನು ನಿನ್ನ ಕಾಗದ ಕೊಟ್ಟ. ಏಣಿಯ ಮೇಲೆಯೇ ಒಡೆದು ಓದಿದೆ. "ಅವಳು ಬರುತ್ತಿದ್ದಾಳೆ" ಎಂಬಲ್ಲಿಗೆ ಬಂದಾಗ ಕೆಳಗೆ ನೋಡಿದೆ. ಬಾಗಿಲ ಕಡೆಯ ಬೆಂಚಿನ ಮೇಲೆ, ತೊಡೆಯ ಮೇಲೆ ಬೂದು ಬಣ್ಣದ ಗಂಟು ಇಟ್ಟುಕೊಂಡು, ನಿನ್ನಮ್ಮ ತಲೆ ಎತ್ತಿ ನನ್ನನ್ನೇ ನೋಡಿ ನಗುತ್ತಿದ್ದಳು. ಅವಳ ತಲೆಯ ಮೇಲೆ ನೇರಕ್ಕೆ ನಾನು ಉಜ್ಜಿದ ಗಾಜು. ಆಗ ಆ ಸದ್ದು ಬಂತು. ಕಿರ್ರ್ ಅಲ್ಲ. ಟಕ್.

ನಾನು ಇಳಿದೆನೋ ಬಿದ್ದೆನೋ ಗೊತ್ತಿಲ್ಲ. "ಅಕ್ಕಾ, ಏಳು!" ಎಂದೆ. "ಏನೋ ಇದು, ಇಷ್ಟು ದೂರದಿಂದ ಬಂದಿದ್ದೀನಿ, ಹೇಗಿದ್ದೀಯ ಅಂತ ಒಂದು ಮಾತು..." "ಏಳೇ ಅಂದ್ರೆ!" ಕೈ ಹಿಡಿದು ಎಳೆದುಕೊಂಡು ಹೊರಗೆ ತಂದೆ. ಅವಳು ನನ್ನ ಮುಖ ನೋಡಿದಳು. ಗಂಟು ಬೆಂಚಿನ ಮೇಲೇ ಉಳಿಯಿತು.

ಅವಳನ್ನು ರಸ್ತೆಯ ಆಚೆ ನಿಲ್ಲಿಸಿ ನೇರವಾಗಿ ಎಂಜಿನಿಯರ್ ಕೋಣೆಗೆ ನುಗ್ಗಿದೆ. ಚಿಕ್ಕ ಗಾಜನ್ನು ಅವರ ಕೈಯಲ್ಲಿಟ್ಟೆ. "ಇದು ನಿಮ್ಮ ನಕ್ಷೆಯದ್ದೇ ಮೂಲೆ ಸಾರ್, ಚಿಕ್ಕದು ಅಷ್ಟೆ. ನೀವೇ ಹತ್ತಿ ಇಟ್ಟು ನೋಡಿ. ಕೂತರೆ ನನ್ನನ್ನು ಕೆಲಸದಿಂದ ತೆಗೀರಿ." ನನ್ನ ಮುಖದಲ್ಲಿ ಏನು ಕಂಡರೋ, ಎದ್ದರು. ಹತ್ತಿದರು. ಇಟ್ಟರು. ಒಂದು ಮೂಲೆ, ಇನ್ನೊಂದು ಮೂಲೆ, ಮತ್ತೆ ಮೊದಲಿನದು. ಇಳಿಯುವಾಗ ಅವರ ಕಾಲು ಏಣಿಯ ಮೆಟ್ಟಿಲನ್ನು ಹುಡುಕುತ್ತಿತ್ತು.

ಎಲ್ಲರನ್ನೂ ಹಾಲಿನಿಂದ ಹೊರಗೆ ಕರೆತಂದು, "ಬಾಗಿಲ ಕಡೆ ಗಾಜು ಹೇಗೆ ಕೂತ್ವು ಮತ್ತೆ?" ಎಂದು ಕೇಳಿದರು.

"ಮೂಲೆ ಉಜ್ಜಿದೆ ಸಾರ್."

"ಎಷ್ಟು?"

ಸುತ್ತ ಎಲ್ಲರೂ ನಿಂತಿದ್ದರು. ಕಿಡಿ, ಬಡಗಿ, ಗುಮಾಸ್ತ. ಅಕ್ಕ ಮಾತ್ರ ರಸ್ತೆಯಾಚೆ, ಮಾತು ಕೇಳಿಸದಷ್ಟು ದೂರದಲ್ಲಿ. ಹೇಳಿದೆ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಂಜಿನಿಯರ್ ಗುಮಾಸ್ತನ ಕಡೆ ತಿರುಗಿ "ಬೀಗ ಹಾಕ್ಸು. ಉದ್ಘಾಟನೆ ಇಲ್ಲ. ಶಾಲೆಗೆ ಹೇಳಿ ಕಳಿಸು, ಮಕ್ಕಳನ್ನ ಕರ್ಕೊಂಡು ಬರೋದು ಬೇಡ" ಎಂದರು. ಅಷ್ಟು ಹೊತ್ತಿಗೆ ಒಳಗೆ ಒಂದು ಗಾಜು ಸಿಡಿಯಿತು. ನಾವೆಲ್ಲ ಹೊರಗೆ ನಿಂತು ಕೇಳಿಸಿಕೊಂಡೆವು. ಬೆಂಚಿನ ಮೇಲೆ ಸಕ್ಕರೆ ಸುರಿದಂತೆ ಸದ್ದು, ತುಂಬ ಹೊತ್ತು.

ಬಾಗಿಲ ಪಕ್ಕದ ಕಂಬದ ಬುಡವನ್ನು ನಿನ್ನೆ ಅಗೆದರು. ನೀರಿನ ಪೈಪು ಒಡೆದು ಅಡಿಯ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಕಂಬ ದಿನದಿನಕ್ಕೂ ಇಳಿಯುತ್ತಿತ್ತಂತೆ. ಪ್ರತಿ ಗಾಜೂ ಅದನ್ನೇ ಹೇಳುತ್ತಿತ್ತು. ನಾನು ಒಂದೊಂದರ ಬಾಯನ್ನೂ ಉಜ್ಜಿ ಮುಚ್ಚಿಸುತ್ತಿದ್ದೆ.

ಸ್ವೆಟರನ್ನು ಇವತ್ತು ಬೆಳಿಗ್ಗೆ ಕಿಡಿ ತಲೆಗೆ ಟೋಪಿ ಹಾಕಿಕೊಂಡು ಒಳಗೆ ಓಡಿ ತಂದುಕೊಟ್ಟ. ಅಕ್ಕ ರಸ್ತೆಯ ಬದಿಯಲ್ಲಿ ಕೂತು ಅದರಿಂದ ಚೂರು ಆರಿಸುತ್ತಿದ್ದಾಳೆ. ನೂಲಿನ ಒಳಗೆಲ್ಲ ಸೇರಿಕೊಂಡಿವೆ, ಇದನ್ನು ಇನ್ನು ತೊಡಲಾಗುವುದಿಲ್ಲ ಎಂದರೆ ಕೇಳುವುದಿಲ್ಲ. "ಎಷ್ಟು ಗಾಜು ಹಾಗೆ ಮಾಡಿದ್ಯೋ?" ಎಂದು ಕೇಳಿದಳು. "ನಾಲ್ಕು ಅಕ್ಕಾ" ಎಂದೆ. ನಂಬಿದಳು. ಅವಳಿಗೆ ಅಷ್ಟೇ ಗೊತ್ತಿರಲಿ.

ನೀನು ಮಾತ್ರ ಮೂರು ಕಾಗದದಿಂದ ಕೇಳುತ್ತಿದ್ದೀಯ. ಬಾಗಿಲ ಕಡೆಯ ಎರಡು ಸಾಲು ಪೂರ್ತಿ, ಮೂರನೆಯದರಲ್ಲಿ ಅರ್ಧ. ಕಂಬಕ್ಕೆ ಆಸರೆ ಕೊಟ್ಟ ಮೇಲೆ ಈಗ ಎಲ್ಲವನ್ನೂ ಇಳಿಸಿ ಗೋಡೆಗೆ ಒರಗಿಸಿಟ್ಟಿದ್ದಾರೆ, ಸಿಡಿದದ್ದರ ಜಾಗ ಖಾಲಿ ಬಿಟ್ಟು. ಎಲ್ಲ ನನ್ನ ಲೆಕ್ಕಕ್ಕೆ ಬರೆದಿದ್ದಾರೆ, ಬರೆಯಲಿ.

ಹತ್ತೊಂಬತ್ತು, ಗುಬ್ಬಿ.

ಮಾವ